ಅವಸರದ ಎಣಿಕೆ

ಕೊಳ್ಳೇಗಾಲ
12-3-1968, ಮಂಗಳವಾರ

ಯಜಮಾನರಿಗೆ ಶರಣು. ಎಲ್ಲ ಕ್ಷೇಮ ಅಂತ ಬರೆಯೋಕೆ ಕೈ ಬರಲಿಲ್ಲ, ಬಿಟ್ಟಿದೀನಿ.

ಅವಧಿ ಮುಗಿದ ಫಿಲಂ ಅಗ್ಗಕ್ಕೆ ತಂದು ಸ್ಟುಡಿಯೋ ಮುಳುಗಿಸ್ತೀರಿ ಅಂತ ಗಿರಾಕಿಗಳ ಮುಂದೆ ಅಂದೆ. ನೀವು ಸಿಟ್ಟಾಗಿ ಮೈಸೂರಿನ ಅಣ್ಣನ ಮನೆ ಸೇರಿದಿರಿ. ಮೊದಲು ಇದನ್ನ ಓದಿ, ಆಮೇಲೆ ಎಷ್ಟು ಬೇಕಾದರೂ ಬಯ್ಯಿರಿ.

ನೀವು ಹೋದ ಮೇಲೆ, ಶನಿವಾರ, ಜೇನು ತರೋ ಕ್ಯಾತಯ್ಯ ಹೆಂಡತಿ ಮಾದಿಯನ್ನ ಕರ್ಕೊಂಡು ಬಂದಿದ್ದ. ಬರೋ ಶುಕ್ರವಾರ ಅವಳಿಗೆ ಮೈಸೂರಿನ ದೊಡ್ಡಾಸ್ಪತ್ರೇಲಿ ಎದೆ ಆಪರೇಷನ್ ಅಂತೆ, ಉಳಿಯೋದು ಗ್ಯಾರಂಟಿ ಇಲ್ಲವಂತೆ. ಮಕ್ಕಳಿಗೆ ತೋರಿಸೋಕೆ ಒಂದು ಫೋಟೋ ಬೇಕು ಅಂದ. ಮಧ್ಯಾಹ್ನವೇ ಅವರ ಬಸ್ಸು.

ಉಳಿದಿದ್ದದ್ದು ನಿಮ್ಮ ಆ ಅಗ್ಗದ ಫಿಲಂ ಮಾತ್ರ, ಅದರ ಮೇಲೆ ನಂಬಿಕೆ ಇರಲಿಲ್ಲ. ನೀವು ಕಲಿಸಿದ ಹಾಗೇ ಕತ್ತಲಕೋಣೇಲಿ ತುದಿ ಕತ್ತರಿಸಿ, ದೀಪ ಮುಚ್ಚಿದ ಡಬ್ಬಿಯ ಸೂಜಿ ತೂತಿನ ಬೆಳಕಿಗೆ ಹಿಡಿದೆ. ರಟ್ಟನ್ನ ಬೆರಳಗಲ ಸರಿಸ್ತಾ, ಸೆಕೆಂಡಿಗೊಂದು ‘ಓಂ ನಮಃ ಶಿವಾಯ’ ಎಣಿಸಿದೆ. ತೊಳೆದು, ನೀವು ಹೊಸ ಫಿಲಮಿನಲ್ಲಿ ಹೀಗೇ ಮಾಡಿಟ್ಟಿದ್ದ ಪಟ್ಟಿ ಪಕ್ಕ ಇಟ್ಟರೆ, ಬೆಳಕು ತಾಗಿದ ಕಡೆ ಅದರ ಅರ್ಧದಷ್ಟೂ ಕಪ್ಪಾಗಿರಲಿಲ್ಲ. ಗೆದ್ದೆ ಅಂತ ಒಳಗೊಳಗೇ ಖುಷಿ ಆಯ್ತು ಕಣ್ರಿ, ಪಾಪಿ ನಾನು. ಫಿಲಂ ಸತ್ತಿದೆ, ವಾಸಿಯಾಗಿ ಬಂದ ಮೇಲೆ ತೆಗೆಯೋಣ ಅಂತ ಕಳಿಸಿಬಿಟ್ಟೆ. ಮಾದಿ ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು ಬಂದಿದ್ದಳು.

ನಿನ್ನೆ ಯಾಕೋ ಮನಸ್ಸು ತಡೀಲಿಲ್ಲ. ಟೈಂಪೀಸು ಕಿವಿ ಹತ್ರ ಇಟ್ಟುಕೊಂಡು ಅದರ ಟಿಕ್‌ಟಿಕ್ ಲೆಕ್ಕಕ್ಕೆ ಎಣಿಸ್ತಾ ಅದೇ ಫಿಲಮಿನ ಇನ್ನೊಂದು ಪಟ್ಟಿ ಮಾಡಿದೆ. ಆಮೇಲೆ ಶನಿವಾರದ ಓಟದಲ್ಲೇ ಎಣಿಸಿ ನೋಡಿದೆ, ಹತ್ತು ಸಲ ಹೇಳೋದು ಐದೇ ಸೆಕೆಂಡಿಗೆ ಮುಗೀತು! ಹೊರಗೆ ಮಾದಿ ಕೆಮ್ಮುತಾ ಇದ್ದಳು, ಆ ಗಾಬರೀಲಿ ನನ್ನ ಬಾಯಿ ಓಡಿತ್ತು. ಅವತ್ತು ಪಟ್ಟಿಗೆ ಅರ್ಧವೇ ಬೆಳಕು ತಾಗಿತ್ತು, ಫಿಲಂ ನೆಟ್ಟಗಿದೆ. ನಿಮ್ಮ ಪಟ್ಟಿಗೂ ನಿನ್ನೆಯ ಪಟ್ಟಿಗೂ ಕೂದಲೆಳೆ ವ್ಯತ್ಯಾಸ ಇಲ್ಲ.

ಮೈಸೂರು ಬಸ್ಸಿನ ಕಂಡಕ್ಟರ್ ಕೈಲಿ ಈ ಕಾಗದದ ಜೊತೆ ಆ ಅಗ್ಗದ ಫಿಲಮಿನದೇ ಒಂದು ರೋಲು ಕಳಿಸಿದೀನಿ. ಸ್ಟುಡಿಯೋದ್ದು ಇಲ್ಲಿದ್ದರೂ ಕೈಕ್ಯಾಮೆರಾ ನಿಮ್ಮ ಹತ್ರ ಇದೆ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ, ಗುರುವಾರದೊಳಗೆ ಆಸ್ಪತ್ರೆಗೆ ಹೋಗಿ ಮಾದಿಯ ಫೋಟೋ ತೆಗೀರಿ. ಹೆಂಗಸರ ವಾರ್ಡಿನಲ್ಲಿ ಕೇಳಿ. ಕೈ ಮುಗಿದು ಬೇಡ್ತೀನಿ.

ಇಂತಿ ನಿಮ್ಮ
ಶಿವರತ್ನ

ಮ.ವಿ.: ಫೋಟೋ ಅಂಚೇಲಿ ಕಳಿಸಬೇಡಿ. ಮಾದಿಯ ಮಕ್ಕಳಿಬ್ಬರನ್ನೂ ನಮ್ಮ ಮನೇಲೇ ಉಳಿಸ್ಕೊಂಡಿದೀನಿ, ನಿಮ್ಮವ್ವ ಗೊಣಗ್ತಾನೇ ಅನ್ನ ಇಕ್ತಾರೆ. ಚಿಕ್ಕವಳು ದಿನಾ ಬೆಳಿಗ್ಗೆ ಅವ್ವ ಎಲ್ಲಿ ಅಂತ ನನ್ನನ್ನೇ ಕೇಳ್ತಾಳೆ. ಏನೇ ಆಗಲಿ, ನೀವೇ ತಂದು ಅವಳ ಕೈಗೆ ಕೊಡಿ. ನನ್ನ ಕೈಲಾಗಲ್ಲ.