ಟ್ರಯಲ್‌ದಾಗ ತಯಾರಾದ ಕಾಲು

ಮೇ ೬, ಮಂಗಳವಾರ

ಬಂದ ಕೂಡ್ಲೆ ಕೂಲರ್‌ಗೆ ನೀರು. ಅದು ದಿನಾ ನಂದ ಕೆಲಸ. ಬ್ಯಾರೆ ಯಾರಿಗೂ ಅದರ ಹೊಟ್ಟಿ ಖಾಲಿ ಆಗಿದ್ದು ಕಾಣಂಗಿಲ್ಲ. ಆಮ್ಯಾಲೆ ಚಹಾ. ಆಮ್ಯಾಲೆ ಕಂಪ್ಯೂಟರ್.

ಸ್ಕ್ರೀನ್ ಮ್ಯಾಲೆ ಆ ಕೆಂಪು ಪಟ್ಟಿ. ದೀಪಾವಳಿಯಿಂದ ಅಲ್ಲೇ ಐತಿ. ದಿನಾ ನೋಡಿ ದಿನಾ ಬಿಡ್ತಿದ್ದೆ. ಇವತ್ತು ಯಾಕೋ ಪೂರ್ತಿ ಓದಿದೆ. ಕಾಲಿನ ಕೆಲಸದ ಲೆಕ್ಕ ಇಡೂ ಸಾಫ್ಟ್‌ವೇರಿನ ಈ ವರ್ಶನ್‌ಗೆ ಇನ್ನ ಮ್ಯಾಲೆ ರಿಪೇರಿ ಬರಂಗಿಲ್ಲ, ಕಳ್ಳರು ಒಳಗ ಬಂದ್ರ ನಾವು ಜವಾಬ್ದಾರಲ್ಲ, ಹೊಸದಕ್ಕ ಹೋಗ್ರಿ ಅಂತ ಬರದಾರ. ಹೊಸದು ಅಂದ್ರ ಎಂಥಾದ್ದು? ಹೋಗೂದು ಹೆಂಗ? ನಮ್ಮ ಸಾಮಾನೆಲ್ಲಾ ಜೋಡಿ ಬರ್ತಾವೋ, ಇಲ್ಲೇ ಉಳೀತಾವೋ?

ಚಾರುಲತಾ ಮೇಡಮ್‌ಗೆ ಕೇಳಿದೆ. ಕೃತಕ ಕಾಲು ಮಾಡೂ ಈ ವರ್ಕ್‌ಶಾಪಿನ ಟ್ರಸ್ಟ್ ಅವ್ರದ, ಮಹಾಲ್ ಓಣ್ಯಾಗಿನ ಈ ಹಳೆ ವಾಡೆ ಮನಿನೂ ಅವ್ರ ಮಾವನವರದ. "ಚಾಲತಂಯ ನಾ? ಮಗ ರಾಹೂ ದ್ಯಾ" ಅಂದ್ರು ಮರಾಠಿಲೆ. ನಡ್ಯಾಕತ್ತೈತಲ್ಲ, ಇರಲಿ ಬಿಡ್ರಿ ಅಂತ. ಅವ್ರ ಸ್ಕೂಟಿ ಬ್ರೇಕ್ ಬಗ್ಗೆನೂ ಹಿಂಗ ಅಂತಿದ್ರು, ಗೋಡಿಗೆ ಗುದ್ದೂ ತನಕ.

ಮೇ ೭, ಬುಧವಾರ

ಬರದಿಡ್ತೀನಿ, ಇಲ್ಲಾಂದ್ರ ಮರೀತೀನಿ. ಕನ್ನಡದಾಗ ಬರದ್ರ ಮನ್ಯಾಗ ಯಾರೂ ಓದಂಗಿಲ್ಲ. ಮಗಳು ನಮಿತಾಗ ಅ ಆ ಇ ಈ ಆದಮ್ಯಾಲೆ ಎಲ್ಲಾ ಮರಾಠಿನ. ಇವ್ರು ಗಾಡಿ ಡ್ಯೂಟಿ ಮುಗಿಸಿ ಬಂದ್ರ ಕುಂಭಕರ್ಣ.

ನಮ್ಮಲ್ಲಿ ಒಂದೊಂದು ಕಾಲೂ ಒಂದೊಂದು ಪ್ರಾಜೆಕ್ಟ್. ಅಳತಿ, ಪ್ಲಾಸ್ಟರ್, ಟ್ರಯಲ್, ನಡಿಸಿ ನೋಡೂದು, ಪಕ್ಕಾ ಕಾಲು. ಒಬ್ಬೊಬ್ರು ತಮ್ಮ ಕೆಲಸ ಮುಗಿಸಿ ಬಟನ್ ಒತ್ತತಾರ, ಫೋಟೊ ಹಾಕ್ತಾರ. ಕಡೀಕ 'ತಯಾರ್' ಅಂತ ಒತ್ತಿದ್ರ ಕಾಲಿನ ಮಾಲಕರ ಮೊಬೈಲಿಗೆ ತಾನ ಮೆಸೇಜ್ ಹೋಗ್ತದ. ಇದನ್ನೆಲ್ಲಾ ಹಾಕಿಕೊಟ್ಟ ಹುಡುಗ ಪುಣೆಗೆ ಹೋದ. ಹೋಗುವಾಗ ಪಾಸ್‌ವರ್ಡ್ ನನಗ ಕೊಟ್ಟ. ರಿಸೆಪ್ಶನ್‌ನ್ಯಾಗ ಕೂಡೋಕಿಗೆ ಯಾಕ ಅಂತ ಮೇಡಮ್ ಕೇಳಿದ್ರ, "ಪ್ರಶ್ನಿ ಕೇಳೂಕಿ ಇವ್ರೊಬ್ರ" ಅಂದನಂತ.

ಮಧ್ಯಾಹ್ನ ಹನುಮಂತನ ಟ್ರಯಲ್. ರಾಯಚೂರು ಕಡೆಯವ, ಸಾವನೇರ್ ಹತ್ರ ಕಲ್ಲಿದ್ದಲ ಗಣ್ಯಾಗ, ಇಲ್ಲಿಯವ್ರು ಅನ್ನೂ ಖದಾನ್‌ದಾಗ ಕೆಲಸ. ಬೈಕಿನ ಆಕ್ಸಿಡೆಂಟ್‌ದಾಗ ಒಂದು ಕಾಲು ಮೊಣಕಾಲ ಕೆಳಗ ಹೋತು. ನನ್ನ ಜೋಡಿ ಕನ್ನಡ ಮಾತಾಡಾಕ ಸಿಕ್ತದಂತ ತನ್ನ ಪಾಳಿಗಿಂತ ಬಾಳ ಮೊದಲ ಬಂದು ಕೂಡ್ತಾನ. ಹೆಂಡತಿ ಮಹಾದೇವಮ್ಮನೂ ಬರ್ತಾಳ. ತಿಂಗಳ ಕಡೀಕ ಖದಾನ್ ಡಾಕ್ಟರ್ ಮುಂದ ಕೋಲಿಲ್ಲದ ನಡದು ತೋರಿಸಬೇಕು. ನಡದ್ರ ಲ್ಯಾಂಪ್ ರೂಮಿನ ಕೆಲಸ, ಒಳಗ ಇಳಿಯೂರಿಗೆ ದೀಪ ಕೊಟ್ಟು ತಗೊಳ್ಳೂದು. ನಡೀದಿದ್ರ ಮನಿಗೆ.

ಟ್ರಯಲ್ ಕಾಲು ಗಾಜಿನಂಗ ಕಾಣೂ ಪ್ಲಾಸ್ಟಿಕ್. ಎಲ್ಲಿ ಒತ್ತತದ, ಎಲ್ಲಿ ಚರ್ಮ ಬೆಳ್ಳಗಾಗ್ತದ ಎಲ್ಲಾ ಹೊರಗಿಂದ ಕಾಣ್ತದ. ಉದಯ್ ಅದರ ಫೋಟೊ ತಗೀತಾನ, ಆ ಫೋಟೊ ನೋಡೇ ಪಕ್ಕಾ ಕಾಲು ಮಾಡೂದು. ಉದಯ್ ನಮ್ಮ ಕಾಲು ಮಾಡೂವ. ಬೆಳಗಾವಿಯವ. ಸಿಟ್ಟು ಮೂಗಿನ ತುದಿಗೆ, ಕೈ ಮಾತ್ರ ಬೆಣ್ಣಿ.

ಹನುಮಂತ ಎರಡೂ ಕಡೆ ಕಂಬಿ ಹಿಡಕೊಂಡು ಚಲೋ ನಡದ. ಬಿಡು ಅಂದ್ರ ಬಿಡವಲ್ಲ. ಬೆವರು ಇಳೀತಿತ್ತು. "ಕಂಬಿ ಹಿಡಕೊಂಡು ನಡದಿದ್ದು ಲೆಕ್ಕಕ್ಕಿಲ್ಲಪಾ" ಅಂದ ಉದಯ್. ಹನುಮಂತ ತಲಿ ತಗ್ಗಿಸಿದ. ನನಗ ಕೆಟ್ಟನಿಸ್ತು.

ಮೇ ೧೦, ಶನಿವಾರ

ಮತ್ತ ಮತ್ತ ಕೇಳಿದ್ದಕ್ಕ ಮೇಡಮ್ ಹೂಂ ಅಂದ್ರು. ದಾನಿ ಒಬ್ರು ಕೊಟ್ಟ ಹೊಸ ಕಂಪ್ಯೂಟರ್ ಡಬ್ಬಿ ಬಿಚ್ಚದ ಕುಂತಿತ್ತು, ಅದರ ಮ್ಯಾಲೆ ಹೊಸ ವರ್ಶನ್ ಹಾಕೂದು, ಹಳೆ ಕಂಪ್ಯೂಟರ್, ಅದರ ಬಾಜೂಕಿನ ಡಿಸ್ಕ್ ಡಬ್ಬಿ ಎರಡೂ ಬರೂ ಶುಕ್ರವಾರ ಹಳೆ ಸಾಮಾನು ಕೊಳ್ಳೂ ಭಂಗಾರ್‌ದವಂಗ. ಅವಂಗ ಹೇಳೂ ಆಗೇತಿ. ಶರತ್ತು ಒಂದ — ಯಾರ ಕಾಲಿನ ಒಂದು ಫೋಟೊನೂ ಹೋಗಬಾರದು. ಹೋತೋ, ರಿಸೆಪ್ಶನ್‌ಗೆ ಬ್ಯಾರೆಯವ್ರು.

ಹೋಗಂಗಿಲ್ಲ. ಪ್ರತಿ ಶುಕ್ರವಾರ ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೀತೀನಿ. ಆ ಹುಡುಗ ಕಲಿಸಿದಂಗ.

ಓದಿ ತಿಳ್ಕೊಂಡಿದ್ದು: ನೆಟ್ಟಗ ಹೊಸದಕ್ಕ ಹಾರಾಕ ಬರಂಗಿಲ್ಲ. ಒಂದೊಂದ ವರ್ಶನ್ ಹತ್ತಿಕೋತ ಹೋಗಬೇಕು, ಮೆಟ್ಲ ಹತ್ತಿದಂಗ. ಮತ್ತ, ಮೊದಲ ಒಂದು ಕಾಪಿ ಮಾಡಿ ಅದರ ಮ್ಯಾಲೆ ಮಾಡಿ ನೋಡ್ರಿ ಅಂತ ಎಲ್ಲಾರೂ ಬರದಾರ. ನಾ ಒಬ್ಬಕಿನ ನಕ್ಕೆ. ಇದು ಟ್ರಯಲ್ ಕಾಲು ಅಲ್ಲೇನು? ಇಷ್ಟು ದಿನ ಇದ ಅಂಗಡ್ಯಾಗ ಕುಂತು ಇದು ತಿಳೀದಿದ್ರ ಹೆಂಗ.

ಮೇ ೧೩, ಮಂಗಳವಾರ, ಸಂಜಿ

ಹೊಸ ಕಂಪ್ಯೂಟರ್ ಮ್ಯಾಲೆ ಕಾಪಿ ನಿಂತೈತಿ. ನಡುವ ಒಂದು ಮೆಟ್ಲದಾಗ ಕೆಟ್ಟು ಕುಂತಿತ್ತು. ಕೆಂಪು ಅಕ್ಷರ ಸ್ಕ್ರೀನ್ ತುಂಬ. ಹೆದರಿಕಿ ಆಗ್ಬೇಕಾಗಿತ್ತು, ಆಗ್ಲಿಲ್ಲ. ಇದೇನಪಾ ಹೇಳಾಕತ್ತೈತಿ ಅಂತ ಕುಂತು ಒಂದೊಂದ ಸಾಲು ಓದಿದೆ. ಯಾವುದೋ ಹಳೆ ಬಣ್ಣದ ಥೀಮ್ ಹೊಂದವಲ್ದು, ಅಷ್ಟ. ತಗದು ಒಗದೆ. ಮುಂದ ಸರ್ರನ ಹತ್ತಿತು.

ಎಲ್ಲಾ ಐತಿ. ಫೋಟೊ ಸುದ್ಧಾ ಚಕಾಚಕ್. ಹನುಮಂತನ ಪ್ರಾಜೆಕ್ಟ್ ತಗದು ಎಲ್ಲಾ ಬಟನ್ ಒತ್ತಿ ನೋಡಿದೆ. ಅಳತಿ, ಪ್ಲಾಸ್ಟರ್, ಟ್ರಯಲ್... ಕಡೀಕ 'ತಯಾರ್'. ಹೊಸದ್ರಾಗ ಅದನ್ನ ಒತ್ತಿದ್ರ ಪೂರ್ತಿ ಸಾಲು ಹಸರ ಆಗ್ತದ. ಎಷ್ಟು ಚಂದ ಕಾಣ್ತದ. ಖುಷಿಯಿಂದ ಬರುವಾಗ ನಮಿತಾಗ ಕಚೋರಿ ಕಟ್ಟಿಸ್ಕೊಂಡು ಬಂದೆ.

ಮೇ ೧೪, ಬುಧವಾರ

ಬಾಗಲಾ ತಗಿಯೂದ್ರಾಗ ಮೆಟ್ಲ ಮ್ಯಾಲೆ ಹನುಮಂತ, ಮಹಾದೇವಮ್ಮ. ಅಕಿ ಹೊಸ ಸೀರಿ ಉಟ್ಟಾಳ. ಕೈಯಾಗ ಪೇಡೆ ಡಬ್ಬಿ.

"ಕಾಲು ಒಯ್ಯಾಕ ಬಂದೀವ್ರಿ ಅಕ್ಕಾ" ಅಂದ.

ಯಾವ ಕಾಲು ಅಂದೆ. ಮೊಬೈಲ್ ಕೊಟ್ಟ. ತಾನು ಓದಿಲ್ಲಂತ, ಅವನ ಚಷ್ಮಾ ಯಾವಾಗ್ಲೂ ಮಹಾದೇವಮ್ಮನ ಚೀಲದಾಗ. ಅಕಿ ಓದಿ ಹೇಳಿದ್ದಂತ. *ನಿಮ್ಮ ಕಾಲು ತಯಾರ್ ಐತಿ. ಬಂದು ಒಯ್ಯಿರಿ.* ನಿನ್ನೆ ಸಂಜಿ ಟೈಮ್.

ನಿನ್ನೆ ನಾ ಒತ್ತಿದ 'ತಯಾರ್' ಬಟನ್ ನೆನಪಾತು. ಕಾಪಿ ಅಂದ್ರ ಪೂರ್ತಿ ಕಾಪಿ. ಮೊಬೈಲ್ ನಂಬರ್, ಮೆಸೇಜ್ ಕಳಸೂ ಸೆಟ್ಟಿಂಗ್, ಎಲ್ಲಾ ಜೋಡಿ ಬಂದಾವ. ತಾನು ಟ್ರಯಲ್ ಅಂತ ಅದಕ್ಕೆಲ್ಲಿ ಗೊತ್ತು? ಖರೇನ ಅನ್ಕೊಂಡು ಕಳಿಸೇತಿ.

ಅಲ್ಲೇ ನಿಂತು ಹೇಳಿದೆ. ನನ್ನ ತಪ್ಪು, ಕಾಲು ಇನ್ನೂ ಆಗಿಲ್ಲಪಾ ಅಂದೆ. ಮಹಾದೇವಮ್ಮ ಪೇಡೆ ಡಬ್ಬಿ ಸೆರಗಿನಾಗ ಮುಚ್ಚಿಕೊಂಡ್ಲು. ಅದನ್ನ ನೋಡಾಕ ಆಗ್ಲಿಲ್ಲ ನನಗ.

ಇನ್ನೂ ಕೆಟ್ಟದ್ದು ಮುಂದೈತಿ. ಮೆಸೇಜ್ ಬಂದ ಖುಷಿಗೆ ಅವ ನಿನ್ನೆನ ಖದಾನ್ ಆಫೀಸಿನ ಕ್ಲರ್ಕ್ ಬಾಬುಗೆ ಫೋನ್ ಮಾಡ್ಯಾನ. ಕಾಲು ಬಂತು, ಜಲ್ದಿ ತಾರೀಖು ಕೊಡ್ರಿ ಅಂತ. ಬಾಬುನೂ ಒಳ್ಳೆಯವ, ಡಾಕ್ಟರ್‌ಗೆ ಹೇಳಿ ಇಪ್ಪತ್ತಕ್ಕ ಮಾಡಿಸ್ಯಾನ. ಮತ್ತ ಬದಲಿ ಮಾಡಂಗಿಲ್ಲಂತ, ಮುಂದ ಡಾಕ್ಟರ್ ರಜಾ.

ಉದಯ್ ಕೈಯಾಗಿನ ತಿಕ್ಕೂ ಅರಾ ಟೇಬಲ್ ಮ್ಯಾಲೆ ಬಡದ. "ಆಟ ಆಡಾಕ ಬ್ಯಾರೆ ಏನೂ ಸಿಗ್ಲಿಲ್ಲೇನು ವಾಸಂತಿಬಾಯಿ?" ಬೈಸ್ಕೊಂಡೆ. ಬರೋಬರ್ ಐತಿ ಅವ ಅಂದಿದ್ದು. ಹಗಲೂ ರಾತ್ರಿ ಕೈ ಹಚ್ಚಿದ್ರ ಸೋಮವಾರಕ್ಕ ಆಗಬಹುದು, ಆದ್ರ ಟ್ರಯಲ್ ಫೋಟೊ ಎಲ್ಲಾ ಇರಬೇಕು ಅಂದ. ಮತ್ತೊಮ್ಮೆ ಟ್ರಯಲ್ ಮಾಡಾಕ ಟೈಮ್ ಇಲ್ಲ.

ಹೋಗೂ ಮೊದಲ ಹನುಮಂತ ಕೇಳಿದ, "ಅಕ್ಕಾ, ಆ ಮೆಸೇಜ್ ಬಂದ ಕಂಪ್ಯೂಟರ್ ಯಾವುದ್ರಿ? ತೋರಿಸ್ತೀರೇನು?"

ತೋರಿಸಿದೆ. ಅವನ ಹೆಸರಿನ ಸಾಲು ಹಸರಗ ಇನ್ನೂ ಹಂಗ ಇತ್ತು. ಕೋಲಿಗೆ ಆತಗೊಂಡು ಬಾಳ ಹೊತ್ತು ನೋಡಿದ. ಸಿಟ್ಟಿಲ್ಲ. ಜಾತ್ರ್ಯಾಗ ಯಾವುದೋ ಮಷೀನ್ ನೋಡೂವಂಗ.

"ಹಂಗಾರ ಇದರಾಗ ನಾ ನಡ್ಯಾಕತ್ತೀನೇನ್ರಿ?"

ಹೂಂ ಅಂದೆ.

ಮೇ ೧೫, ಗುರುವಾರ

ಮೇಡಮ್: ಬಂದ್ ಮಾಡ್ರಿ ಇದನ್ನ. ನಾನೂ ಹಂಗ ಅಂದ್ಕೊಂಡ ಬಂದಿದ್ದೆ. ಆದ್ರ ಬಂದ್ ಮಾಡೂ ಮೊದಲ ಆ ಕಾಪಿ ಮತ್ತ್ಯಾರಿಗೂ ಮೆಸೇಜ್ ಬಿಡಬಾರದಲ್ಲ? ಹೊಸ ಕಂಪ್ಯೂಟರಿನ ನೆಟ್ ವೈರ್ ಕಿತ್ತೆ. ಕಿತ್ತಮ್ಯಾಲೆ ಸುಮ್ನ ಹನುಮಂತನ ಪುಟ ತಗದೆ. ಕೈ ಸುಮ್ನಿರಂಗಿಲ್ಲ ನಂದು.

ಫೋಟೊ ಇಲ್ಲ. ಖಾಲಿ ಚೌಕ.

ಬ್ಯಾರೆಯವರದು ತಗದೆ. ಖಾಲಿ. ಎಲ್ಲಾರದೂ.

ವೈರ್ ಹಚ್ಚಿದೆ — ಬಂದ್ವು. ಕಿತ್ತೆ — ಹೋದ್ವು. ಅಂದ್ರ ಈ ಫೋಟೊ ಇಲ್ಲಿ ಇಲ್ಲೇ ಇಲ್ಲ. ಹೊಸದು ವೈರ್‌ನ್ಯಾಗಿಂದ ಕೈ ಚಾಚಿ ಹಳೆ ಡಿಸ್ಕ್ ಡಬ್ಬ್ಯಾಗಿನ ಫೋಟೊ ತೋರಸಾಕತ್ತಿತ್ತು. ಕಂಬಿ ಹಿಡಕೊಂಡ ನಡದೈತಿ. ನಾನೂ ಚಲೋ ನಡೀತಂತ ಕಚೋರಿ ತಿಂದೀನಿ.

ಆಮ್ಯಾಲೆ ಶುಕ್ರವಾರದ ಪೆನ್‌ಡ್ರೈವ್ ನೆನಪಾತು. ಹಚ್ಚಿ ನೋಡಿದೆ. ಹೆಸರು, ಅಳತಿ, ತಾರೀಖು ಎಲ್ಲಾ ಅದಾವ. ಫೋಟೊ ಒಂದೂ ಇಲ್ಲ. ಎಂದೂ ಇದ್ದಿಲ್ಲ. ಆ ಹುಡುಗ ಅರ್ಧಾ ಕಲಿಸಿದ್ದ, ನಾ ಪೂರ್ತಿ ಅಂದ್ಕೊಂಡಿದ್ದೆ. ಒಮ್ಮೆನೂ ಬಿಚ್ಚಿ ನೋಡಿದ್ದಿಲ್ಲ.

ನಾಳೆ ಭಂಗಾರ್‌ದವ ಬರೂವ. ಡಿಸ್ಕ್ ಡಬ್ಬಿ ಒಯ್ದಿದ್ರ ಎಲ್ಲಾ ಫೋಟೊ ಹೋಗ್ತಿದ್ವು.

ಮೇಡಮ್‌ನ ಕರದು ತೋರಿಸಿದೆ. ವೈರ್ ಕಿತ್ತೆ, ಹಚ್ಚಿದೆ. ಅವ್ರು ಕುರ್ಚಿ ಮ್ಯಾಲೆ ಕುಂತ್ರು. "ಹೀ ಪೇಟೀ ಉದ್ಯಾ ಜಾಣಾರ್ ಹೋತಿ" ಅಂದ್ರು, ಸಣ್ಣ ದನಿಯಾಗ. ಈ ಡಬ್ಬಿ ನಾಳೆ ಹೋಗಿ ಬಿಡ್ತಿತ್ತು ಅಂತ. ಆಮ್ಯಾಲೆ ತಾವ ಭಂಗಾರ್‌ದವಂಗ ಫೋನ್ ಹಚ್ಚಿ ಬರಬ್ಯಾಡ ಅಂದ್ರು. ನನಗ ಏನೂ ಅನ್ಲಿಲ್ಲ. ಹೋಗುವಾಗ, "ರವಿವಾರೀ ಕರಾ. ಪಣ್ ನೀಟ್." ರವಿವಾರ ಮಾಡ್ರಿ, ಆದ್ರ ನೀಟಾಗಿ.

ಮೇ ೧೮, ರವಿವಾರ

ಬೆಳಿಗ್ಗೆ ೯. ವರ್ಕ್‌ಶಾಪ್ ರಜಾ. ನಾನು, ಮೇಡಮ್, ಒಳಗ ಉದಯ್ ಹನುಮಂತನ ಪಕ್ಕಾ ಕಾಲು ತಿಕ್ಕಾಕತ್ತಾನ. ಅವಂಗ ಬೇಕಾದ ಫೋಟೊ ಮೊದಲ ಪ್ರಿಂಟ್ ತಗದು ಕೊಟ್ಟೆ, ಇಲ್ಲಿ ಏನಾದ್ರೂ ಅವನ ಕೆಲಸ ನಿಲ್ಲಬಾರದು.

೧೦.೩೦. ಟ್ರಯಲ್ ಕಾಪಿ ಅಳಿಸಿ ಮತ್ತ ಮೊದಲಿಂದ. ಮೆಸೇಜ್ ಕಳಸೂದು ಮೊದಲ ಬಂದ್. ಎರಡು ಸಲ ನೋಡಿದೆ ಬಂದ್ ಆಗೇತಿ ಅಂತ. ಫೋಟೊ ಕಾಪಿ ಆಗಾಕತ್ತಾವ. ಕಾಲು, ಕಾಲು, ಕಾಲು... ಎಷ್ಟು ಮಂದಿ ಈ ಬಾಗಲದಾಗ ಬಂದು ಹೋಗ್ಯಾರ. ಒಬ್ಬೊಬ್ಬರನ್ನ ನೋಡಿದ್ರ ನೆನಪಾಗ್ತಾರ.

ಮಧ್ಯಾಹ್ನ ೧. ಮೆಟ್ಲ ಹತ್ತಾಕತ್ತೈತಿ. ಹಳೆ ಥೀಮ್ ಈ ಸಲ ಮೊದಲ ತಗದಿದ್ದೆ. ಮೇಡಮ್ ಸಾಬುದಾಣಾ ಖಿಚಡಿ ತಂದಾರ, ನನ್ನ ಹಿಂದ ನಿಂತು ತಿನ್ನಾಕತ್ತಾರ. ಇದೇನು, ಅದೇನು ಅಂತ ಕೇಳ್ತಾರ. ಚಾಲತಂಯ ನಾ ಅಂದವ್ರು ಇವ್ರ.

ಮಧ್ಯಾಹ್ನ ೩. ಆತು. ಹಳೆ ಡಬ್ಬಿ ವೈರ್ ಕಿತ್ತೆ. ಕಣ್ಣು ಮುಚ್ಚಿ ಹನುಮಂತನ ಪುಟ ಒತ್ತಿದೆ. ಮೇಡಮ್ "ಆಹೇತ್" ಅಂದ್ರು. ಅದಾವ. ಆಮ್ಯಾಲೆ ಇಬ್ರೂ ಕೂಡಿ ಒಬ್ಬೊಬ್ಬರದು ತಗದು ನೋಡಿದ್ವಿ, ಅವ್ರು ಹೆಸರು ಹೇಳೂದು, ನಾ ತಗಿಯೂದು. ಎಲ್ಲಾ ಅದಾವ. ಅಳು ಬಂತು. ಸುಳ್ಳ್ಯಾಕ ಹೇಳ್ಲಿ, ಅತ್ತೆ.

ಮೆಸೇಜ್ ಚಾಲೂ ಮಾಡಾಕ ಮಾತ್ರ ಧೈರ್ಯ ಸಾಲವಲ್ದು. ನನ್ನ ಹೆಸರಿಲೆ ಒಂದು ಖೋಟಾ ಪ್ರಾಜೆಕ್ಟ್ ಮಾಡಿ ನನ್ನ ಮೊಬೈಲಿಗೆ ಕಳಿಸಿ ನೋಡಿದೆ. ನಿಮ್ಮ ಕಾಲು ತಯಾರ್ ಐತಿ ಅಂತ ಬಂತು, ಆಗ ಎಲ್ಲಾರಿಗೂ ಚಾಲೂ ಮಾಡಿದೆ. ಮನ್ಯಾಗ ಇವ್ರು ಅದನ್ನ ಓದಿ ನನ್ನ ಎರಡೂ ಕಾಲು ನೋಡಿದ್ರು.

ಮೇ ೧೯, ಸೋಮವಾರ

ಮರೆಯೂ ಮೊದಲ ಬರೀತೀನಿ.

ಹನುಮಂತ ಬೆಳಿಗ್ಗೆನ ಬಂದ. ಪಕ್ಕಾ ಕಾಲು ಹಾಕಿದ. ಎಲ್ಲೂ ಒತ್ತವಲ್ದಂತ. ಕಂಬಿ ನಡುವ ನಡದ, ತಿರುಗಿದ, ನಡದ. ಕಂಬಿ ಬಿಡು ಅಂದ್ರ ಅದ ಕತಿ. ಬೆರಳು ಬೆಳ್ಳಗಾಗೂ ಹಂಗ ಹಿಡಕೊಂಡಿದ್ದ. ಮಧ್ಯಾಹ್ನ ಆತು, ಊಟ ಆತು, ಮತ್ತ ಅದ. ಉದಯ್‌ನ ಸಿಟ್ಟು ಸುದ್ಧಾ ಮುಗೀತು. ಗೋಡಿಗೆ ಆತು ಕುಂತು, "ಕಾಲಿನಾಗ ತಪ್ಪಿಲ್ಲ, ಇನ್ನ ನಂದೇನೂ ಇಲ್ಲ" ಅಂದ. ಮಹಾದೇವಮ್ಮ ಬಾಗಲ ಹತ್ರ ಕುರ್ಚಿ ಮ್ಯಾಲೆ, ಚೀಲ ತೊಡಿ ಮ್ಯಾಲೆ. ನಾಳೆ ಡಾಕ್ಟರ್ ಮುಂದ ಕಂಬಿ ಇರಂಗಿಲ್ಲ. ಎಲ್ಲಾರಿಗೂ ಅದ ತಲ್ಯಾಗ.

ನಾಕರ ಸುಮಾರಿಗೆ ಉದಯ್, "ಕಾಲು ಆಗೇತಲ್ಲಾ, ಒತ್ತಿ ಬಿಡ್ರಿ ವಾಸಂತಿಬಾಯಿ. ಈ ಸಲ ಖರೇ ಒತ್ರಿ" ಅಂದ. ಟೇಬಲ್‌ಗೆ ಬಂದೆ. ಒತ್ತಿದೆ. ಸಾಲು ಹಸರ ಆತು.

ಅಲ್ಲಿ ಕಂಬಿ ನಡುವ ನಿಂತ ಹನುಮಂತನ ಶರ್ಟ್ ಕಿಸೆದಾಗ ಮೊಬೈಲ್ ಟಿಣ್ ಅಂತು.

ಹನುಮಂತ ಕಿಸೆಗೆ ಕೈ ಹಾಕಿದ. ತಗದು ಎರಡೂ ಕೈಲೆ ಹಿಡದು, ದೂರ ಮಾಡಿ, ಹತ್ರ ಮಾಡಿ ನೋಡಿದ. ಕಾಣವಲ್ದು. "ಏ ಇಕಿನ, ಚಷ್ಮಾ ಎಲ್ಲೈತಿ?" ಅನ್ಕೋತ ಮೊಬೈಲ್ ನೋಡ್ಕೋತನ ಹೊಂಟ.

ಕಂಬಿ ಮುಗಿಯೂ ಜಾಗಾದಿಂದ ಮಹಾದೇವಮ್ಮನ ಕುರ್ಚಿ ತನಕ ಹಿಡಕೊಳ್ಳಾಕ ಏನೂ ಇಲ್ಲ. ಬರೇ ಫರ್ಶಿ ನೆಲ. ಉದಯ್ ಎದ್ದು ನಿಂತ. ನಾ ಕೈ ಮಾಡಿದೆ, ಸುಮ್ನಿರು ಅಂತ.

ಹೋಗಿ ಅಕಿ ಮುಂದ ನಿಂತು ಕೈ ಚಾಚಿದ. "ಕೊಡ ಚಷ್ಮಾ. ಏನೋ ಮೆಸೇಜ್ ಬಂದೈತಿ."

ಮಹಾದೇವಮ್ಮ ಚೀಲಕ್ಕ ಕೈ ಹಾಕ್ಲೇ ಇಲ್ಲ. ಅವನ ಕಾಲ ಕಡೆ ನೋಡಿದ್ಲು, ಆಮ್ಯಾಲೆ ಅವನ ಹಿಂದ, ದೂರ ಉಳಿದ ಕಂಬಿ ಕಡೆ, ಆಮ್ಯಾಲೆ ನನ್ನ ಕಡೆ. ಏನೂ ಹಿಡಕೊಳ್ಳದ ನಡದು ಬಂದೀನಿ ಅಂತ ಅವಂಗ ಇನ್ನೂ ಗೊತ್ತಿಲ್ಲ.