ಹಿತ್ತಿಲ ಇನ್ನೊಂದು ಕಲ್ಲು

ಸೀತೂರು
12-3-2006

ಚಿರಂಜೀವಿ ರಾಜೇಶನಿಗೆ ನಿನ್ನ ಅಮ್ಮ ಯಮುನಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಕೊಪ್ಪದಿಂದ ಬಂದು ವಾರವಾದರೂ ಬರೆಯಲಿಲ್ಲ, ತಡವಾಯಿತು. ಬರೆಯಲು ಕೂತಾಗಲೆಲ್ಲ ಸಿಟ್ಟಿಗೆ ಹಾಳೆ ಹರಿದುಹಾಕುತ್ತಿದ್ದೆ. ಫೋನ್ ಮಾಡಿದರೆ "ಗಿರಾಕಿ ಇದಾರೆ ಅಮ್ಮ, ಆಮೇಲೆ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಅದನ್ನೂ ಮನೆಗೆ ಹಾಕದೆ ನಿನ್ನ ಪಂಪ್ ರಿಪೇರಿ ಅಂಗಡಿಗೇ ಹಾಕುತ್ತಿದ್ದೇನೆ.

"ಬಟ್ಟೆ ಒಗೆಯೋ ಜಾಗ ಹೇಗಿರ್ಬೇಕು ಅಂತ ನಂಗೆ ಗೊತ್ತಾಗಲ್ಲ, ನೀನೇ ಬಂದು ನಿಂತು ಮಾಡಿಸು" ಎಂದವನು ನೀನು. ಮಾಡಿಸಿದೆ. ಹೊಸ ಮನೆಯ ಅಡುಗೆಮನೆಗೆ ತಾಗಿದಂತೆಯೇ ಜಾಗ ಹಿಡಿದೆ. ಸೊಸೆ ಕಾವ್ಯಳನ್ನು ನಿಲ್ಲಿಸಿ, ಅವಳ ಸೊಂಟದ ಎತ್ತರಕ್ಕೆ ಒಗೆಯುವ ಕಲ್ಲು ಕೂರಿಸಿದೆ. ನನ್ನ ಹಾಗೆ ಬಗ್ಗಿ ಬಗ್ಗಿ ಅವಳ ಬೆನ್ನೂ ಹಾಳಾಗುವುದು ಬೇಡ ಎಂದು. ಮೆಷಿನ್ನಿಗೆ ಕಟ್ಟೆ, ಪಕ್ಕದಲ್ಲಿ ಸೋಪಿಗೆ ಗೂಡು, ನೀರು ಬಾಳೆಯ ಬುಡಕ್ಕೆ ಹೋಗುವಂತೆ ನೆಲಕ್ಕೆ ಇಳಿಜಾರು. ಜಡಿಮಳೆಯಲ್ಲೂ ಬಟ್ಟೆ ಮುಗ್ಗು ಹಿಡಿಯದಿರಲಿ ಎಂದು ಬೆಳಕು ಬೀಳುವ ಶೀಟು ಹಾಕಿಸಿ ಅದರಡಿ ಹಗ್ಗ ಕಟ್ಟಿಸಿದೆ. ಪೂರ್ವಕ್ಕೊಂದು ಕಿಟಕಿ. ಮೇಸ್ತ್ರಿ ಸುಬ್ಬಪ್ಪ, "ಒಗೆಯೋ ಕಡೆ ಕಿಟಕಿ ಎಂತಕ್ಕೆ ಅಮ್ಮ?" ಎಂದ. "ಒಗೆಯೋರಿಗೂ ಕಣ್ಣು ಉಂಟು ಮಾರಾಯ" ಎಂದೆ. ಕಿಟಕಿಯ ಕೆಳಗೆ ಕೂರಲು ಸಣ್ಣ ಕಟ್ಟೆ ಮಾಡಿಸಿದ್ದು ನನ್ನ ಆಸೆಗೆ. ಗೃಹಪ್ರವೇಶ ಮುಗಿಸಿ ನಾನೂ ನಿನ್ನ ಅಪ್ಪನೂ ಅಲ್ಲಿಗೇ ಬರುವುದೆಂದು ಮಾತಾಗಿತ್ತಲ್ಲ, ಅವಳು ಒಗೆಯುವಾಗ ನಾನಲ್ಲಿ ಕೂತು ಒಣಗಿದ್ದನ್ನು ಮಡಚಬಹುದು ಎಂದುಕೊಂಡಿದ್ದೆ.

ಬಣ್ಣ ಮುಗಿಯಿತೆಂದು ಕಳೆದ ವಾರ ನೋಡಲು ಬಂದರೆ, ಹಿತ್ತಿಲಲ್ಲಿ, ಕಕ್ಕಸಿನ ಗುಂಡಿಯ ಪಕ್ಕ ಇನ್ನೊಂದು ಕಲ್ಲು! ಅದಕ್ಕೇ ಬೇರೆ ನಲ್ಲಿ, ಬೇರೆ ಹಗ್ಗ. ಸುಬ್ಬಪ್ಪ ತಲೆ ತಗ್ಗಿಸಿ, "ನಿಮ್ಮ ಬಟ್ಟೆಗೆ ಅಂತೆ ಅಮ್ಮ. ರಾಜೇಶಣ್ಣ ಹೇಳಿದ್ದು. ನನ್ನ ಬೈಬೇಡಿ ಮಾರಾಯ್ರೆ" ಎಂದ. ನಿನ್ನನ್ನು ಕೇಳಿದರೆ ನೀನು ಮುಖ ಕೊಡದೆ, "ಕಾವ್ಯಂಗೆ ಸ್ವಲ್ಪ ಅಸಹ್ಯ ಆಗುತ್ತಂತೆ ಅಮ್ಮ, ಅರ್ಥ ಮಾಡ್ಕೋ" ಎಂದೆ.

ಏನನ್ನು ಅರ್ಥ ಮಾಡಿಕೊಳ್ಳಲಿ? ನನ್ನ ಕೈಮೇಲಿನ ಬಿಳಿ ಮಚ್ಚೆಯನ್ನೇ? ತೊನ್ನು ಅಂಟುವುದಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದು ನಿನ್ನ ಎದುರಿಗೇ. ಅಂಟುವುದಾಗಿದ್ದರೆ ಈ ಕೈ ಕಲಸಿದ ಅನ್ನ ತಿಂದ ನಿನಗೆ ಎಂದೋ ಅಂಟಬೇಕಿತ್ತು. ನಿನ್ನ ಗ್ರೀಸ್ ಮೆತ್ತಿದ ಪ್ಯಾಂಟು ಉಜ್ಜುವಾಗ ಈ ಕೈ ಬೇಕಿತ್ತು, ಈಗ ನನ್ನ ಸೀರೆಗೆ ಗುಂಡಿಯ ಪಕ್ಕ ಜಾಗವೇ? ನಿನ್ನ ಅಪ್ಪ "ಹೋಗ್ಲಿ ಬಿಡೆ, ಅವರ ಮನೆ" ಎಂದರು. "ನೀವು ಸುಮ್ನಿರಿ, ನಿಮ್ಮ ಪಂಚೆ ಒಗೆಯೋದೂ ಇದೇ ಕೈ" ಎಂದೆ.

ಆ ಹುಡುಗಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನಾನು ಕಲ್ಲಿನ ಎತ್ತರ ಅಳೆಯುವಾಗ ನಗುನಗುತ್ತಾ ನಿಂತಿದ್ದಳಲ್ಲ, ಒಳಗೆ ಇಷ್ಟು ಇಟ್ಟುಕೊಂಡು! ಗೃಹಪ್ರವೇಶಕ್ಕೆ ನಾನು ಬರುವುದಿಲ್ಲ. ಜನ ಕೇಳಿದರೆ ಏನು ಹೇಳುತ್ತೀಯೋ ಹೇಳಿಕೋ.

ಹೊಸ ಮನೆಯಲ್ಲಿ ಇಬ್ಬರೂ ಚೆನ್ನಾಗಿರಿ. ಸಿಟ್ಟಿದೆ ಎಂದು ಹರಸುವುದನ್ನು ಬಿಡಲಾರೆ.

ಇಂತು ನಿನ್ನ ಅಮ್ಮ,
ಯಮುನಮ್ಮ

ವಿ.ಸೂ.: ಲಕೋಟೆ ಅಂಟಿಸುವ ಮೊದಲೇ ಕಾವ್ಯ ಬಸ್ಸಿಳಿದು ಬಂದಳು, ಗೃಹಪ್ರವೇಶಕ್ಕೆಂದು ನನಗೊಂದು ಸೀರೆ ಹಿಡಿದುಕೊಂಡು. ನಾನು ಮುಖ ಗಂಟಿಕ್ಕಿಕೊಂಡಿದ್ದರೂ ನನ್ನ ಕೈ ಹಿಡಿದುಕೊಂಡೇ ಮಾತಾಡಿದಳು. ಕಿಟಕಿ ಕೆಳಗಿನ ಕಟ್ಟೆಗೆ ನಾನು ಕೂರಲೆಂದು ದಿಂಬು ಹೊಲಿಯುತ್ತಿದ್ದಾಳಂತೆ. ಆಮೇಲೆ ಕೇಳಿದಳು: "ಅತ್ತೆ, ಹಿತ್ತಿಲಲ್ಲಿ ಆ ಕಲ್ಲು ಎಂತಕ್ಕೆ? ಇವರನ್ನ ಕೇಳಿದ್ರೆ, ನಾಯಿ ತರ್ತೀನಿ, ಅದನ್ನ ಮೀಯಿಸೋಕೆ ಅಂದ್ರು."

"ಹೌದು, ನಾಯಿಗೇ" ಎಂದೆ. ನಿನ್ನ ಮಾನ ಉಳಿಸಲು ಹಾಗೆಂದೆ, ರಾಜೇಶ. ಅವಳ ಬಗ್ಗೆ ಮೇಲೆ ಬರೆದದ್ದನ್ನು ಬೇಕೆಂದೇ ಹೊಡೆದುಹಾಕಿಲ್ಲ. ನಿನ್ನ ಮಾತು ನಂಬಿ ಆ ಹುಡುಗಿಯನ್ನು ಏನೆಂದು ತಿಳಿದೆ ಎಂಬುದನ್ನು ನೀನು ಓದಬೇಕು. ಗೃಹಪ್ರವೇಶಕ್ಕೆ ಬರುತ್ತೇನೆ, ಅವಳಿಗೆ ಮಾತು ಕೊಟ್ಟಿದ್ದೇನೆ. ಅಷ್ಟರೊಳಗೆ ನೀನೇ ನಿಂತು ಆ ಕಲ್ಲು ಕೀಳಿಸು. ಇಲ್ಲವೋ, ಒಂದು ನಾಯಿ ತಂದು ಕಟ್ಟು.