ಮೂರನೇ ಸಾಲಿನ ಎದೆಸೊಪ್ಪು

೩೦ ಫೆಬ್ರವರಿ ೨೩೧೭
ನೆಲಗಣ್ಣು ಕ್ಯಾಂಪು, ಪಾವಗಡದ ಆಚೆ

ಸಂಶೋಧಕಿ ವನಜಾಕ್ಷಿಯವರಿಗೆ ಕದಿರಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬರೆದ ಒಂದೇ ಪ್ರಬಂಧವನ್ನು ಹನ್ನೊಂದು ವರ್ಷ ಓದಿ. ಕಣಗಳ ಪ್ರಯೋಗ ಮಾಡುವವರು ಈಗ ಅಕ್ಷರಗಳನ್ನು ಹಿಂದಿನ ಕಾಲಕ್ಕೆ ಕಳಿಸಬಹುದು ಅನ್ನುತ್ತಾರೆ. ತಲುಪಿದ್ದನ್ನು ಯಾರೂ ಕಂಡಿಲ್ಲ. ಆದರೂ ಬರೆಯುತ್ತಿದ್ದೇನೆ.

ನೆಲಗಣ್ಣು ಎಂದರೆ ಬೆಟ್ಟದ ಅಡಿಯಲ್ಲಿ ಕೊರೆದ ದೊಡ್ಡ ಗುಹೆ. ನಕ್ಷತ್ರ ಸಿಡಿದಾಗ ಹೊರಡುವ ನ್ಯೂಟ್ರಿನೊಗಳು ಭೂಮಿಯನ್ನೇ ತೂರಿಕೊಂಡು ಹೋಗುತ್ತವಲ್ಲ, ಅವುಗಳಲ್ಲಿ ಒಂದೆರಡನ್ನು ಅಲ್ಲಿ ಹಿಡಿಯುತ್ತಾರೆ. ಆ ಕಣಗಳಿಗೆ ಬಂಡೆ ಲೆಕ್ಕಕ್ಕಿಲ್ಲ. ಗುಹೆ ಕೊರೆಯುವವರು ಮಾತ್ರ ಕಲ್ಲಿನ ದೂಳು ಕುಡಿದು ಎದೆ ಕಟ್ಟಿಸಿಕೊಳ್ಳುತ್ತಾರೆ. ಆ ಕಾಯಿಲೆಗೆ ನಾವು ಕಲ್ಲುಸಿರು ಅನ್ನುತ್ತೇವೆ. ನಾನು ಕ್ಯಾಂಪಿನ ಔಷಧಿಮನೆಯಲ್ಲಿ ಕಷಾಯ ಕಾಯಿಸುವವಳು. ನನ್ನ ಅಣ್ಣ ಪೆದ್ದಣ್ಣ ಇಪ್ಪತ್ತೆರಡು ವರ್ಷ ಬಂಡೆ ಕೊರೆದವನು.

ಎದೆಸೊಪ್ಪಿನ ಕಷಾಯದಿಂದ ಇಂಥ ರೋಗಿಗಳ ಉಸಿರು ಸಲೀಸಾಯಿತು ಎಂದು ನೀವು ಬರೆದಿದ್ದೀರಿ. ಎಷ್ಟು ಕುದಿಸಬೇಕು, ಎಷ್ಟು ದಿನ ಕೊಡಬೇಕು, ಎಲ್ಲ ಇದೆ. ಗಿಡದ ಕುಲದ ಹೆಸರೂ ಇದೆ. ಆದರೆ ಆ ಕುಲದ ನಾಲ್ಕು ಗಿಡಗಳು ನಮ್ಮ ಸುತ್ತ ಬೆಳೆಯುತ್ತವೆ, ನಾಲ್ಕಕ್ಕೂ ಜನ ಎದೆಸೊಪ್ಪು ಅಂತಲೇ ಅನ್ನುತ್ತಾರೆ. ನೀವು ಬಳಸಿದ್ದು ಯಾವುದು? ಪ್ರಬಂಧದಲ್ಲಿ ಇರುವುದು ಎರಡೇ ಪದ: ‘ಸ್ಥಳೀಯವಾಗಿ ಸಂಗ್ರಹಿಸಿದ್ದು.’

ನಾಲ್ಕನ್ನೂ ಕಾಯಿಸಿದೆ. ಪ್ರತಿ ಸಲವೂ ಮೊದಲ ಲೋಟ ಅಣ್ಣನೇ ಕುಡಿಯುತ್ತಿದ್ದ, ಬೇರೆಯವರಿಗೆ ಕೊಡಲು ಬಿಡುತ್ತಿರಲಿಲ್ಲ. ಎರಡನೆಯದಕ್ಕೆ ಮೂರು ದಿನ ವಾಂತಿ ಮಾಡಿಕೊಂಡ. ನಾಲ್ಕನೆಯದನ್ನೂ ಕುಡಿದು ಗೋಡೆಗೆ ಒರಗಿ ಕೂತವನು ಕೇಳಿದ: “ಕದಿರೀ, ಪುಸ್ತಕದಾಗೆ ಇದ್ದಂಗೇ ಮಾಡ್ದೆ ತಾನೆ? ಮತ್ಯಾಕೆ ಉಸಿರು ಸಿಗ್ತಿಲ್ಲ?”

ನಾನು ನಿಮ್ಮ ಪ್ರಬಂಧವನ್ನು ಮತ್ತೆ ಮೊದಲ ಪುಟದಿಂದ ಓದಲು ಕೂತೆ.

ಹೋದ ಆಷಾಢದಲ್ಲಿ, ನೆಲಗಣ್ಣಿನಲ್ಲಿ ಹಳೆಯ ಖಗೋಳ ದಾಖಲೆ ಓದುವ ಸಫೀನಾ ಔಷಧಿಮನೆಗೆ ಓಡಿ ಬಂದಳು. “ಅಕ್ಕಾ, ನಿಮ್ಮ ಸೊಪ್ಪು ಇಲ್ಲೈತೆ ನೋಡಿ!”

ನಿಮ್ಮ ಕಾಲದಲ್ಲಿ ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯಲು ಬಯಲಲ್ಲಿ ಆಂಟೆನಾಗಳನ್ನು ಸಾಲಾಗಿ ನೆಟ್ಟಿದ್ದರಂತೆ. ಅಲ್ಲಿಯವರು ಸೂರ್ಯನದ್ದಷ್ಟೇ ಅಲ್ಲ, ಅಡ್ಡಬಂದ ಪ್ರತಿ ಗದ್ದಲವನ್ನೂ ಗಂಟೆ ನಿಮಿಷ ಹಾಕಿ ಬರೆದಿಡುತ್ತಿದ್ದರು. ಸಫೀನಾ ತೋರಿಸಿದ ಪುಟದಲ್ಲಿ ಹೀಗಿತ್ತು: ‘ಬೆಳಿಗ್ಗೆ ೮.೧೦ರಿಂದ ೮.೪೦. ಮೂರನೇ ಸಾಲಿನಲ್ಲಿ ಮೊಬೈಲ್ ಗದ್ದಲ. ಕುರಿಯವರ ಓಬಕ್ಕ ಎದೆಸೊಪ್ಪು ಕೀಳುತ್ತಿದ್ದರು. ಔಷಧಿ ಮೇಡಂ ವನಜಾಕ್ಷಿಗೆ ಕೊಡಲಿಕ್ಕಂತೆ. ಹೂ ಬಿಟ್ಟ ಮೇಲೆ ಕಿತ್ತರೆ ಏನೂ ಪ್ರಯೋಜನವಿಲ್ಲ ಎಂದರು. ಫೋನು ಆರಿಸಲು ಹೇಳಿದೆ.’

ನಾನು ಹನ್ನೊಂದು ವರ್ಷವೂ ಹೂ ನೋಡಿಯೇ ಗಿಡ ಗುರುತಿಸಿ ಕೀಳುತ್ತಿದ್ದೆ.

ಮರುದಿನವೇ ಇಬ್ಬರೂ ಆ ಬಯಲಿಗೆ ಹೊರಟೆವು. ಆಂಟೆನಾಗಳಿಲ್ಲ, ತುಕ್ಕು ತಿಂದ ಕಂಬಗಳ ಬುಡ ಮಾತ್ರ ಇವೆ. ಮೂರನೇ ಸಾಲಿನ ಉದ್ದಕ್ಕೂ ಮೊಣಕಾಲೆತ್ತರದ ಗಿಡ, ಇನ್ನೂ ಮೊಗ್ಗಾಗಿರಲಿಲ್ಲ. ಎಲೆ ಮೂಸಿ ನೋಡಿದೆ, ನಾಲ್ಕರಲ್ಲಿ ನಾನು ಮೊದಲು, ಹೂ ಬಿಟ್ಟಾಗ ಕಾಯಿಸಿ ಎಸೆದಿದ್ದ ಗಿಡವೇ ಅದು. ಮಡಿಲು ತುಂಬ ಕಿತ್ತುಕೊಂಡು ವಾಪಸು ಬಂದೆವು. ನಾವು ಹೊರಡುವ ಮುಂಚೆಯೇ ಅಣ್ಣ ಹೋಗಿಬಿಟ್ಟಿದ್ದ, ಮಣ್ಣು ಮಾಡಿ ಆಗಲೇ ಒಂಬತ್ತು ದಿನವಾಗಿತ್ತು.

ಕ್ಯಾಂಪಿನಲ್ಲಿ ಕಲ್ಲುಸಿರು ಹಿಡಿದ ಉಳಿದ ಹದಿನಾಲ್ಕು ಜನ ಈಗ ಆ ಸೊಪ್ಪಿನ ಕಷಾಯ ಕುಡಿಯುತ್ತಿದ್ದಾರೆ. ಪೂರ್ತಿ ಗುಣವಾಗಿಲ್ಲ, ಆದರೆ ಮಲಗಿ ನಿದ್ದೆ ಮಾಡುತ್ತಾರೆ. ಅಣ್ಣನ ಹೆಂಡತಿ ದಿನವೂ ಬಂದು ಸೊಪ್ಪು ಬಿಡಿಸಿಕೊಟ್ಟು ಹೋಗುತ್ತಾಳೆ. ನನ್ನನ್ನು ಏನೂ ಕೇಳುವುದಿಲ್ಲ. ಕೇಳಿದ್ದರೆ ವಾಸಿಯಿತ್ತು.

ನಿಮ್ಮ ಮೇಲೆ ಸಿಟ್ಟು ಇತ್ತು, ಈಗ ಸುಸ್ತು ಮಾತ್ರ ಉಳಿದಿದೆ. ನೀವು ಕೆಟ್ಟವರಲ್ಲ, ಅವಸರದಲ್ಲಿದ್ದಿರಿ ಅಂದುಕೊಂಡಿದ್ದೇನೆ. ಇದು ಪ್ರಬಂಧ ಅಚ್ಚಾಗುವ ಮುಂಚೆ ನಿಮ್ಮ ಕೈಸೇರಿದರೆ ಒಂದು ಕೆಲಸ ಮಾಡಿ. ಓಬಕ್ಕನ ಮನೆಗೆ ಹೋಗಿ ಕೂತುಕೊಳ್ಳಿ. ಯಾವ ಗಿಡ, ಯಾವ ಜಾಗ, ಯಾವ ತಿಂಗಳು ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಪಕ್ಕ ಅವರ ಹೆಸರನ್ನೂ ಹಾಕಿ.

ಇಷ್ಟೇ ಬೇಡಿಕೆ. ಒಲೆಯ ಮೇಲೆ ಕಷಾಯವಿದೆ, ಏಳುತ್ತೇನೆ.

ಕದಿರಮ್ಮ